ನಿಲ್ಲು ಅನ್ನೋವರೆಗೂ

ಆ ಮನೆಯ ಹಾಲ್‌ನಲ್ಲಿದ್ದ ಸೋಫಾಕ್ಕೆ ಸಿಂಹಾಸನ ಅಂತ ಹೆಸರು. ಇಟ್ಟವನು ತಮ್ಮ. ಹೆಸರಿಡುವುದು, ಹೆಸರು ಕೆಡಿಸುವುದು ಎರಡೂ ಆ ಮನೆಯಲ್ಲಿ ಅವನ ಖಾತೆಯೇ. ಬೀದಿಯವರು ಅವನನ್ನು ಸೌಂಡು ಅನ್ನುತ್ತಿದ್ದರು. ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ ಅನ್ನುವುದು ಒಂದು ಕಾರಣ. ಮೈಕಿಲ್ಲದೆಯೂ ಅವನು ಪಿಸುಗುಟ್ಟಿದರೆ ಎದುರು ಮನೆಯವರು ಉತ್ತರ ಕೊಡುತ್ತಿದ್ದರು ಅನ್ನುವುದು ಇನ್ನೊಂದು.

ಬೆಳಗಾದರೆ ಸಾಕು, ಸೌಂಡು ಬಾಯಿಗೆ ಹಲ್ಲುಜ್ಜುವ ಬ್ರಷ್ಷು ಅಡ್ಡ ಹಿಡಿದು ಹಾಲ್‌ಗೆ ಎಂಟ್ರಿ ಕೊಡುತ್ತಿದ್ದ.

"ಮಹಾಪ್ರಭುಗಳು ಸಿಂಹಾಸನದಿಂದ ಕೆಳಗಿಳಿಯೋ ಕೃಪೆ ಮಾಡಬೇಕು! ಹೊರಗೆ ಪ್ರಜೆಗಳು ಕಾಯ್ತಿದಾರೆ!"

ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಣ್ಣ ತಿರುಗುತ್ತಲೂ ಇರಲಿಲ್ಲ. "ಪ್ರಜೆಗಳಿಗೆ ನಾಳೆ ಬರೋಕೆ ಹೇಳು."

"ನಾಳೆ ನಾಳೆ ಅಂತ ಎಷ್ಟು ವಾಯಿದೆ ಪ್ರಭು? ಪ್ರಜೆಗಳು ದಂಗೆ ಏಳ್ತಾರೆ."

"ಏಳ್ಲಿ. ಯಾರಾದ್ರೂ ಒಬ್ರು ಏಳ್ಬೇಕಲ್ಲ."

ಹೀಗೆ ಸವಾಲಿಗೆ ಜವಾಬು ಕೊಡುವಷ್ಟು ಅಣ್ಣ ಚೇತರಿಸಿಕೊಂಡಿದ್ದೇ ಆ ಮನೆಗೆ ದೊಡ್ಡ ವಿಷಯ. ಒಂದು ಕಾಲದಲ್ಲಿ ಅವನು ಟೈಲ್ಸ್ ಹಾಕುವವನು. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತಿತ್ತು. ಒಂದು ದಿನ, ಯಾರದೋ ಹೊಸ ಮನೆಯಲ್ಲಿ ತಾನೇ ಮುಗಿಸಿದ ಹಾಲ್‌ನ ನೆಲವನ್ನು ತಾನೇ ಕಿತ್ತು ಹಾಕಿದ. ಕೆಳಗೆ ಯಾರೋ ಮಾತಾಡುತ್ತಿದ್ದಾರೆ, ಉಸಿರುಗಟ್ಟುತ್ತಿದೆ ಅವರಿಗೆ ಅಂತ. ಅಲ್ಲಿಂದ ಶುರುವಾದದ್ದು ಆಸ್ಪತ್ರೆ, ಮಾತ್ರೆ, ಮತ್ತೆ ಆಸ್ಪತ್ರೆ. ಒಂದು ಮಾತ್ರೆಗೆ ಕೈ ನಡುಗಿತು, ಇನ್ನೊಂದಕ್ಕೆ ಕತ್ತು ತಿರುಚಿಕೊಂಡಿತು, ಮತ್ತೊಂದಕ್ಕೆ ಏನೂ ಆಗಲಿಲ್ಲ. ಕೊನೆಗೆ ಒಂದೇ ಒಂದು ಮಾತ್ರೆ ಒಗ್ಗಿತು. ಅವನ ಕಿವಿಯಲ್ಲಿ ಕೂತು ಬೈಯುತ್ತಿದ್ದವರು ಪೂರ್ತಿ ಎದ್ದು ಹೋಗಲಿಲ್ಲ, ಆದರೆ ಪಕ್ಕದ ಮನೆ ಟಿವಿಯಷ್ಟು ದೂರಕ್ಕೆ ಸರಿದರು.

ಆ ದೂರವನ್ನು ಕಾಯ್ದುಕೊಳ್ಳಲು ಅಣ್ಣತಮ್ಮಂದಿರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಅಣ್ಣನಿಗೆ ಅನುಮಾನದ ಮಾತು ಕೇಳಿಸಿದರೆ ತಕ್ಷಣ ತಮ್ಮನನ್ನು ಕೇಳುತ್ತಿದ್ದ: "ಕೇಳಿಸ್ತಾ?" ತಮ್ಮ ಕಿವಿಗೊಟ್ಟು ನಿಂತು, "ಕೇಳಿಸ್ತು, ತರಕಾರಿಯವನು" ಅಂತಲೋ, "ಇಲ್ಲ ಅಣ್ಣ" ಅಂತಲೋ ಹೇಳುತ್ತಿದ್ದ. ಇಲ್ಲ ಅಂದರೆ ಇಲ್ಲ. ಅಣ್ಣ ಅದನ್ನು ಪಕ್ಕಕ್ಕೆ ತಳ್ಳಿ ಊಟಕ್ಕೆ ಕೂರುತ್ತಿದ್ದ. ಸತ್ತವರ ಮನೆಯಲ್ಲೂ ಜೋಕು ಹೊಡೆಯುವ ಸೌಂಡು, ಅದೊಂದು ಪ್ರಶ್ನೆಗೆ ಮಾತ್ರ ಯಾವತ್ತೂ ಹುಡುಗಾಟದ ಉತ್ತರ ಕೊಟ್ಟವನಲ್ಲ.

ಆದರೆ ಆ ಮಾತ್ರೆ ಸುಮ್ಮನೆ ಬರಲಿಲ್ಲ. ಹಸಿವನ್ನು ಜೊತೆಗೆ ಕರೆತಂದಿತು, ನಿದ್ದೆಯನ್ನು ಕರೆತಂದಿತು. ಅಣ್ಣ ಊದಿದ. ಪ್ಯಾಂಟು ಹೋಗಿ ಲುಂಗಿ ಬಂತು. ಸಿಂಹಾಸನದ ಎಡಗಡೆ ಸ್ಪ್ರಿಂಗುಗಳು ಸೋಲೊಪ್ಪಿಕೊಂಡವು.

ಆಸ್ಪತ್ರೆಯ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಸಕ್ಕರೆ ಗಡೀಲಿ ಬಂದು ನಿಂತಿದೆ. ಇನ್ನು ಸ್ವಲ್ಪ ಏರಿದ್ರೂ ಈ ಮಾತ್ರೆ ನಿಲ್ಲಿಸಿ ಬೇರೆ ಕೊಡಬೇಕಾಗುತ್ತೆ. ಬೇರೆ ಯಾವುದು ಒಗ್ಗುತ್ತೆ ಅಂತ ನನಗೂ ಗೊತ್ತಿಲ್ಲ."

ಅಮ್ಮ ಕುರ್ಚಿಯ ಅಂಚಿಗೆ ಬಂದಳು. "ಇದೊಂದನ್ನ ಮಾತ್ರ ತೆಗೀಬೇಡಿ ಡಾಕ್ಟ್ರೇ. ಇದು ಬಂದ ಮೇಲೇ ನನ್ನ ಮಗ ನನಗೆ ಸಿಕ್ಕಿದ್ದು."

"ಹಾಗಾದ್ರೆ ನಡೆಸಿ. ದಿನಾ, ಬೆವರು ಬರೋ ಹಾಗೆ. ಮುಂದಿನ ತಿಂಗಳು ಮತ್ತೆ ರಕ್ತ ನೋಡೋಣ."

ಅಣ್ಣ ತಲೆ ಎತ್ತಿದ. "ಡಾಕ್ಟ್ರೇ, ನಡೆಯೋಕೆ ಏನಾದ್ರೂ ಮಾತ್ರೆ ಇದೆಯಾ?"

ಡಾಕ್ಟರಮ್ಮ ನಕ್ಕರು. ಅಣ್ಣ ನಗಲಿಲ್ಲ. ಅವನು ನಿಜವಾಗಿ ಕೇಳಿದ್ದ.

ಅಮ್ಮ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಎಂಥೆಂಥ ಸುಕ್ಕನ್ನೂ ನೇರ ಮಾಡುತ್ತಿದ್ದ ಕೈ ಅದು. ಮಗನೊಬ್ಬನನ್ನು ಸೋಫಾದಿಂದ ಎಬ್ಬಿಸಲು ಆಗಲಿಲ್ಲ. ಬೇಡಿಕೊಂಡಳು, ಬೈದಳು, ತಾನೂ ಊಟ ಬಿಟ್ಟಳು. ಪಕ್ಕದ ಮನೆ ನಿವೃತ್ತ ಡ್ರೈವರ್ ಬಂದು, "ಮನಸ್ಸು ಮಾಡಪ್ಪ, ಎಲ್ಲಾ ಮನಸ್ಸಲ್ಲಿರೋದು" ಅಂತ ಉಪದೇಶ ಮಾಡಿ, ಚಹಾ ಕುಡಿದು ಹೋದ. ಸೌಂಡು ತನ್ನ ಬತ್ತಳಿಕೆಯ ಬಾಣಗಳನ್ನೆಲ್ಲ ಬಿಟ್ಟ. ಟಿವಿ ರಿಮೋಟನ್ನು ಮಹಡಿ ಮೇಲಿನ ನೀರಿನ ಟ್ಯಾಂಕಿನ ಮೇಲಿಟ್ಟ. ಕಾಲಿಂಗ್ ಬೆಲ್ ಒತ್ತಿ ಓಡಿದ. ಸೋಫಾ ಕೆಳಗೆ ಹಾವು ಹೊಕ್ಕಿದೆ ಅಂತ ಕೂಗಿದ.

"ಇದ್ರೆ ಇರ್ಲಿ ಬಿಡೋ," ಅಂದ ಅಣ್ಣ. "ಅದಕ್ಕೂ ಸುಸ್ತಾಗಿರುತ್ತೆ ಪಾಪ."

ಒಂದು ದಿನ ಮಾತ್ರ ಸೌಂಡಿಗೆ ರೇಗಿ ಹೋಯಿತು. "ಅಣ್ಣ, ನೀನು ಸೋಮಾರಿ ಕಣೋ. ಕಾಯಿಲೆ ಗೀಯಿಲೆ ಎಲ್ಲಾ ನೆಪ."

ಅಣ್ಣ ಗೋಡೆ ಕಡೆಯಿಂದ ಇತ್ತ ತಿರುಗಿ ಹೇಳಿದ: "ಸೋಮಾರಿ ಅಂದ್ರೆ ಬಿದ್ಕೊಂಡು ಸುಖ ಪಡೋನು ಕಣೋ. ನನಗೆ ಆ ಸುಖಾನೂ ಇಲ್ಲ. ಚಪ್ಪಲಿ ಹಾಕೋಣ ಅಂತ ಬಗ್ತೀನಿ. ಬಗ್ಗೋ ಹೊತ್ತಿಗೆ ಯಾಕೆ ಬಗ್ಗಿದೆ ಅನ್ನೋದೇ ಸೋರಿ ಹೋಗಿರುತ್ತೆ. ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅದರ ಮೇಲೆ ನೀವು ಬೇರೆ. ಒಳಗಿರೋರು ಏಳು ಅಂತಾರೆ, ಕೂತ್ಕೋ ಅಂತಾರೆ, ಸಾಯಿ ಅಂತಾರೆ. ಹೊರಗೆ ಅಮ್ಮ ಏಳು ಅಂತಾಳೆ, ಡಾಕ್ಟ್ರು ಏಳು ಅಂತಾರೆ, ನೀನು ಏಳು ಅಂತೀಯ. ಆರ್ಡರ್ ಮಾಡೋರು ಇಷ್ಟು ಜನ, ಏಳ್ಬೇಕಾಗಿರೋನು ನಾನೊಬ್ಬನೇ."

ಮಾರನೆಯ ದಿನ ಸೌಂಡು ಅಂಗಡಿಯಿಂದ ಒಂದು ಇಯರ್‌ಫೋನ್ ತಂದ. ತನ್ನ ಹಳೆಯ ಮೊಬೈಲಿಗೆ ಅಣ್ಣನಿಗೆ ಇಷ್ಟವಾದ ಹಾಡುಗಳನ್ನೆಲ್ಲ ತುಂಬಿ, ಏನೂ ಹೇಳದೆ ಸೋಫಾದ ಕೈ ಮೇಲಿಟ್ಟು ಹೋದ. ಅವನ ಜೀವನದಲ್ಲಿ ಡೈಲಾಗಿಲ್ಲದೆ ಮಾಡಿದ ಕೆಲಸ ಅದೊಂದೇ ಇರಬೇಕು.

ಸಂಜೆ ಬಂದು ನೋಡಿದರೆ ಸಿಂಹಾಸನ ಖಾಲಿ. ಸೌಂಡು ಹೊರಗೆ ಓಡಿದ. ಅಣ್ಣ ಬೀದಿಯ ತುದಿಯಿಂದ ನಿಧಾನಕ್ಕೆ ಬರುತ್ತಿದ್ದ. ಕಿವಿಯಲ್ಲಿ ಇಯರ್‌ಫೋನು, ಕಣ್ಣು ನೆಲದಲ್ಲಿ.

"ಮೂಲೆ ಮನೆಯವರು ಮುಂದುಗಡೆ ಹೊಸ ಟೈಲ್ಸ್ ಹಾಕ್ಸಿದಾರೆ," ಅಂದ. "ಹಾಕಿದೋನ್ನ ಮೊದಲು ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಸಂದು ನೋಡು, ಹಾವು ಹೋದಂಗೆ ಹೋಗಿದೆ."

"ನಡೆದ್ಯಾ?"

"ಹಾಡು ಹಾಕ್ಕೊಂಡ್ರೆ ಅವರೆಲ್ಲ ಹಿಂದಿನ ಬೆಂಚಿಗೆ ಹೋಗ್ತಾರೆ ಕಣೋ. ಹಾಡಿನೊಳಗೆ ಮಾತ್ರ ಅವರಿಗೆ ಎಂಟ್ರಿ ಇಲ್ಲ." ಆಮೇಲೆ ಸ್ವಲ್ಪ ಬಿಗುಮಾನದಿಂದ ಸೇರಿಸಿದ: "ಅಮ್ಮನಿಗೆ ಹೇಳ್ಬೇಡ. ಹೇಳಿದ್ರೆ ಚಪ್ಪಾಳೆ ಹೊಡೀತಾಳೆ. ಆಮೇಲೆ ಇದು ಅವಳದಾಗುತ್ತೆ. ಇದು ನಂದು."

ಒಂದಷ್ಟು ದಿನ ಹಾಗೇ ನಡೆಯಿತು. ಒಮ್ಮೆ ಹೋಗುತ್ತಿದ್ದ, ಒಮ್ಮೆ ಇಲ್ಲ. ಹೋದಾಗಲೆಲ್ಲ ಬೀದಿಯ ನೆಲದ ವರದಿ ತರುತ್ತಿದ್ದ. ಆಮೇಲೆ ಒಂದು ಸಂಜೆ, ಮೂಲೆಯಲ್ಲಿ ಬೈಕುಗಳ ಮೇಲೆ ಕೂತಿದ್ದ ಹುಡುಗರ ಗುಂಪಿನಲ್ಲಿ ಯಾರೋ, "ದಾರಿ ಬಿಡ್ರೋ, ರೋಡ್ ರೋಲರ್ ಬಂತು" ಅಂದರು. ಹಾಡು ಮುಗಿದು ಇನ್ನೊಂದು ಶುರುವಾಗುವ ಆ ಸಣ್ಣ ಬಿಡುವಿನಲ್ಲಿ ಅದು ಅಣ್ಣನಿಗೆ ಕೇಳಿಸಿತು. ಮನೆಗೆ ಬಂದು ತಮ್ಮನನ್ನು ಕೇಳಿದ. ತಮ್ಮ ಹೋಗಿ ವಿಚಾರಿಸಿಕೊಂಡು ಬಂದು, "ಹೌದು ಅಣ್ಣ, ಅಂದಿದಾರೆ ನನ್ಮಕ್ಳು" ಅಂದ. ಸುಳ್ಳು ಹೇಳಲಿಲ್ಲ. ಅಣ್ಣ ಇಯರ್‌ಫೋನ್ ಸುತ್ತಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ.

ಆ ವಾರ ಪೂರ್ತಿ ಏಳಲಿಲ್ಲ. ರಕ್ತ ಪರೀಕ್ಷೆಯ ದಿನ ಹತ್ತಿರ ಬಂತು. ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳತೊಡಗಿದಳು. ಮನೆಯಲ್ಲಿ ಹಾಗೆ ಮಾತಾಡಿಕೊಳ್ಳುವ ಇನ್ನೊಬ್ಬರು ಬೇಡ ಅಂತ ಸೌಂಡಿಗೆ ಅನ್ನಿಸಿತು.

ಅಂಗಡಿಯ ಹಿಂದೆ ಒಂದು ಗೂಡಿನಂಥ ಕೋಣೆ ಇತ್ತು. ಗೋಡೆಗೆಲ್ಲ ಹಳೆ ಫೋಮ್ ಅಂಟಿಸಿ ಅದನ್ನು ಸ್ಟುಡಿಯೋ ಅನ್ನುತ್ತಿದ್ದರು. ಅಂಗಡಿಗಳ ಜಾಹೀರಾತು ಕೂಗುವುದು ಸೌಂಡಿನ ಕೆಲಸ. ಆವತ್ತು ಒಂದು ಚಪ್ಪಲಿ ಅಂಗಡಿಯ ರಿಯಾಯಿತಿ ಮಾರಾಟವನ್ನು ಕೂಗಿ ಮುಗಿಸಿದ ಮೇಲೆ ಅವನಿಗೆ ಒಂದು ಐಡಿಯಾ ಹೊಳೆಯಿತು. ಮಿಕ್ಸರಿನಲ್ಲಿ ಬೇಸ್ ಏರಿಸಿದ, ಎಕೋ ತಿರುಗಿಸಿದ, ಗಂಟಲನ್ನು ಹೊಟ್ಟೆಗಿಳಿಸಿದ. ಚಿಕ್ಕಂದಿನಲ್ಲಿ ಅವನು ವಿಲನ್ ಆಗಿ ಗರ್ಜಿಸುತ್ತಿದ್ದರೆ ಮಂಚದ ಮೇಲೆ ಕೂತು ಸಿಳ್ಳೆ ಹೊಡೆಯುತ್ತಿದ್ದ ಏಕೈಕ ಪ್ರೇಕ್ಷಕ ಅಣ್ಣ.

"ಏಯ್! ಸೋಫಾ ಮೇಲೆ ಬಿದ್ದಿರೋ ಗಂಡುಗಲಿ! ಯಾರು ಅಂತ ಕೇಳ್ಬೇಡ. ಹೆಸರು ಹೇಳಿದ್ರೆ ಭೂಮಿ ನಡುಗುತ್ತೆ, ನಿನ್ನ ಸೋಫಾ ಮುರಿಯುತ್ತೆ. ಎದ್ದೇಳು! ನಡಿ! ನಾನು ನಿಲ್ಲು ಅನ್ನೋವರೆಗೂ ನಿಲ್ಲಬೇಡ. ನಿಂತ್ಯೋ, ನಿನ್ನ ಪಿಕ್ಚರ್ ಅಲ್ಲೇ ಖತಂ! ಹ್ಹ ಹ್ಹ ಹ್ಹಾ!"

ಅಂಗಡಿ ಯಜಮಾನ ಗಾಬರಿಯಿಂದ ಒಳಗೆ ಇಣುಕಿದ. "ಯಾವನೋ ಅದು? ನಮ್ಮ ಮಾವನ ಥರ ಇದಾನೆ!"

ಆ ಧ್ವನಿಯನ್ನು ತುಂಡು ತುಂಡು ಮಾಡಿ ಹಾಡುಗಳ ನಡುವೆ, ಒಂದೆರಡು ಕಡೆ ಹಾಡಿನ ಹೊಟ್ಟೆಯೊಳಗೇ ಸೇರಿಸಿದ. ಅಣ್ಣ ಕೇಳಿದ ತಕ್ಷಣ ಗುರುತು ಹಿಡಿಯುತ್ತಾನೆ, ನಗುತ್ತಾನೆ, ಬಂದು ತಲೆಗೆ ಮೊಟಕುತ್ತಾನೆ, ಆ ನಗುವಿನ ಬಿಸಿಯಲ್ಲೇ ಚಪ್ಪಲಿ ಹಾಕಿಸಿಬಿಡುವುದು. ಇಷ್ಟೇ ಅವನ ಚಿತ್ರಕಥೆ.

ಮಾರನೆಯ ದಿನ ಮೊಬೈಲನ್ನು ಅಣ್ಣನ ಪಕ್ಕ ಇಟ್ಟು, "ಹೊಸ ಹಾಡು ಹಾಕಿದೀನಿ" ಅಂದು ಬಾಗಿಲ ಹಿಂದೆ ನಿಂತ. ಅಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡ. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ. ಎದ್ದು ಕೂತ. ಬಗ್ಗಿ ಚಪ್ಪಲಿ ಹಾಕಿಕೊಂಡ, ನಡುವೆ ಒಮ್ಮೆಯೂ ನಿಲ್ಲದೆ. ಹೊರಗೆ ನಡೆದ.

ಸೌಂಡು ಬಾಗಿಲ ಹಿಂದೆಯೇ ಮುಷ್ಟಿ ಎತ್ತಿ ಕುಣಿದ. ಮೊಟಕು ಬೀಳಲಿಲ್ಲ ಅನ್ನುವುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಅಣ್ಣ ತಾನಾಗಿ ಬರಲಿಲ್ಲ. ಕತ್ತಲಾಗುತ್ತಿದೆ ಅಂತ ಅಮ್ಮ ಹೋಗಿ ಕೈ ಹಿಡಿದು ಕರೆತಂದಳು. ಅಂಗಿ ಮೈಗೆ ಅಂಟಿತ್ತು. ಅಮ್ಮ ಟವೆಲ್ ಹಿಡಿದು ಅವನ ಬೆನ್ನು ಒರೆಸುತ್ತ ನಗುತ್ತಿದ್ದಳು. "ನೋಡೋ, ಬೆವರು! ಬಾ ಅಂದ್ರೂ ಬರಲ್ಲ ಅಂತಾನೆ! ಎಳ್ಕೊಂಡು ಬರ್ಬೇಕಾಯ್ತು!" ಅವಳು ಹಾಗೆ ನಕ್ಕು ವರ್ಷಗಳೇ ಆಗಿದ್ದವು.

ಅವಳು ಅಡುಗೆಮನೆಗೆ ಹೋದ ಮೇಲೆ ಅಣ್ಣ ತಮ್ಮನ ಮೊಣಕೈ ಹಿಡಿದ. ಅವನ ಮುಖದಲ್ಲಿ ನೆಲದ ವರದಿ ಇರಲಿಲ್ಲ.

"ಹಾಡಿನೊಳಗೆ ಒಬ್ಬ ಬಂದಿದಾನೆ," ಅಂದ ಮೆಲ್ಲಗೆ. ಇಯರ್‌ಫೋನಿನ ಒಂದು ಕೊನೆಯನ್ನು ತಮ್ಮನ ಕಿವಿಗೆ ತಾನೇ ಸಿಕ್ಕಿಸಿದ. ಇಬ್ಬರೂ ಕಾದರು. ಹಾಡು ಮುಗಿಯಿತು. ಸೌಂಡಿನ ಸ್ವಂತ ಗಂಟಲು ಅವನ ಕಿವಿಯಲ್ಲಿ ಗುಡುಗಿತು: ನಡಿ! ನಾನು ನಿಲ್ಲು ಅನ್ನೋವರೆಗೂ ನಿಲ್ಲಬೇಡ.

"ಕೇಳಿಸ್ತಾ?"

ಇಲ್ಲಿ ನಗಬೇಕಿತ್ತು. "ನಾನೇ ಕಣೋ ಪೆದ್ದ" ಅಂದು ಮೊಟಕು ತಿನ್ನಬೇಕಿತ್ತು. ಅಡುಗೆಮನೆಯಲ್ಲಿ ಅಮ್ಮ ಹಾಡು ಗುನುಗುತ್ತಿದ್ದಳು. ರಕ್ತ ಪರೀಕ್ಷೆ ಬರುವ ಸೋಮವಾರ. ಈಗ ಹೇಳಿದರೆ ಅಣ್ಣ ಮತ್ತೆ ಸೋಫಾ, ಸಕ್ಕರೆ ಮೇಲೆ, ಮಾತ್ರೆ ಹೊರಗೆ. ಒಂದು ವಾರ ಅಷ್ಟೇ, ಸೋಮವಾರ ಸಂಜೆ ಹೇಳಿದರಾಯಿತು, ಎಲ್ಲರೂ ಕೂತು ನಕ್ಕರಾಯಿತು ಅಂತ ಅವನು ಲೆಕ್ಕ ಹಾಕಿದ.

"ಇಲ್ಲ ಅಣ್ಣ," ಅಂದ. "ಬರೀ ಹಾಡು."

ಅಣ್ಣ ಇಯರ್‌ಫೋನನ್ನು ವಾಪಸು ತೆಗೆದುಕೊಂಡ. ಅವನ ಕೈಯಲ್ಲಿ ಅದು, ಇದುವರೆಗೆ ತನ್ನದಾಗಿದ್ದು ಈಗ ಅಲ್ಲದ ವಸ್ತುವಿನ ಹಾಗೆ ಸ್ವಲ್ಪ ಹೊತ್ತು ಇತ್ತು. "ಹಂಗಾದ್ರೆ ಇಲ್ಲಿಗೂ ಬಂದ್ರು," ಅಂದ.

ಆ ವಾರ ಅಣ್ಣ ಬೆಳಗ್ಗೆ ನಡೆದ, ಸಂಜೆ ನಡೆದ. ಪ್ರತಿ ಸಲವೂ ಅಮ್ಮ ಹೋಗಿ ಕರೆತಂದಳು. ಊಟದ ತಟ್ಟೆಯ ಮುಂದೆ ಕೂತರೂ ಕಾಲು ಅಲುಗುತ್ತಲೇ ಇತ್ತು. ಪಕ್ಕದ ಮನೆ ಡ್ರೈವರ್ ತನ್ನ ಉಪದೇಶ ಫಲಿಸಿತು ಅಂತ ಬೀದಿಯಲ್ಲೆಲ್ಲ ಹೇಳಿಕೊಂಡ. ಸೌಂಡು ದಿನಾ ರಾತ್ರಿ "ನಾಳೆ ಹೇಳ್ತೀನಿ" ಅಂದುಕೊಂಡು ಮಲಗಿದ.

ಭಾನುವಾರ ಹೋಟೆಲಿನಲ್ಲಿ ಯಾವುದೋ ದೊಡ್ಡ ಸಮಾರಂಭ. ಅಮ್ಮನಿಗೆ ಹೆಚ್ಚಿನ ಪಾಳಿ. ಸೌಂಡು ಸ್ಪೀಕರ್ ಕಟ್ಟಲು ಹೋಗಿದ್ದ. ಕರೆತರುವವರು ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದ ಇಬ್ಬರೂ ಬೀದಿ ಬೀದಿ ಹುಡುಕಿದರು. ಅಂಗಡಿ ಯಜಮಾನನ ಸಾಮಾನು ವ್ಯಾನಿನಲ್ಲಿ ಕೂತು ಊರಾಚೆಯವರೆಗೂ ಹೋದರು. ಕೊನೆಗೆ ಸಿಕ್ಕಿದ್ದು ಬಸ್ ಡಿಪೋದಲ್ಲಿ. ಕೆಟ್ಟು ನಿಂತ ಬಸ್ಸೊಂದರ ಸುತ್ತ ಅಣ್ಣ ಸುತ್ತುತ್ತಿದ್ದ. ಮುಂದೆ ಕಾಂಪೌಂಡ್ ಗೋಡೆ ಬಂದದ್ದರಿಂದ ಅಲ್ಲೇ ತಿರುಗಿಕೊಂಡಿದ್ದಾನೆ, ಅಷ್ಟೇ. ಚಪ್ಪಲಿ ಎಲ್ಲೋ ಹೋಗಿತ್ತು. ಪಾದ ಒಡೆದು, ಎಣ್ಣೆ ಚೆಲ್ಲಿದ ನೆಲದ ಮೇಲೆ ರಕ್ತದ ಗುರುತು ಬಿದ್ದಿತ್ತು. ಮೊಬೈಲಿನ ಚಾರ್ಜ್ ಯಾವಾಗಲೋ ಮುಗಿದಿತ್ತು. ಇಯರ್‌ಫೋನ್ ಕಿವಿಯಲ್ಲೇ ಇತ್ತು.

"ಅಣ್ಣ, ನಿಲ್ಲೋ!"

"ಅವನಿನ್ನೂ ಹೇಳಿಲ್ಲ," ಅಂದ ಅಣ್ಣ, ನಡೆಯುತ್ತಲೇ. ತುಟಿ ಒಣಗಿ ಬಿರಿದಿತ್ತು. "ಹೇಳ್ತೀನಿ ಅಂದಿದಾನೆ. ಕಾಯ್ತಿದೀನಿ."

ಆಗ ಸೌಂಡಿಗೆ ನೆನಪಾಯಿತು. ಎದ್ದೇಳು ರೆಕಾರ್ಡ್ ಮಾಡಿದ್ದ, ನಡಿ ರೆಕಾರ್ಡ್ ಮಾಡಿದ್ದ, ನಗು ಕೂಡ ಮಾಡಿದ್ದ. ನಿಲ್ಲು ಅನ್ನುವುದನ್ನು ಮಾಡಿರಲೇ ಇಲ್ಲ.

ಡಿಪೋದ ಇಬ್ಬರು ಮೆಕ್ಯಾನಿಕ್‌ಗಳು ಸೇರಿ ಅಣ್ಣನನ್ನು ಹಿಡಿದು ವ್ಯಾನಿಗೆ ಹತ್ತಿಸಿದರು.

ಆಸ್ಪತ್ರೆಯ ಕಾರಿಡಾರಿನ ಪ್ಲಗ್ಗಿಗೆ ಸೌಂಡು ಆ ಮೊಬೈಲನ್ನು ಸಿಕ್ಕಿಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಪರದೆ ಬೆಳಗಿತು. ಒಳಗೆ ಅಣ್ಣನ ಪಾದಕ್ಕೆ ಪಟ್ಟಿ ಕಟ್ಟುತ್ತಿದ್ದರು. ಸೌಂಡಿನ ಹೆಬ್ಬೆರಳು ತಾನಾಗಿ ಕೆಲಸ ಮಾಡಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತನ್ನ ಧ್ವನಿಯ ತುಂಡು ಒಂದೊಂದನ್ನೂ, ಅದನ್ನು ಹೊಟ್ಟೆಯೊಳಗಿಟ್ಟುಕೊಂಡಿದ್ದ ಹಾಡುಗಳನ್ನೂ ಹುಡುಕಿ, ಒತ್ತಿ ಹಿಡಿದು, ಅಳಿಸಿದ. ಉಳಿದ ಹಾಡುಗಳನ್ನು ಮಾತ್ರ ಬಿಟ್ಟ.

ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಅಣ್ಣನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಮೊಬೈಲ್ ತರಿಸಿ, ಇಯರ್‌ಫೋನ್ ಹಾಕಿಕೊಂಡು, ಒಂದರ ಹಿಂದೆ ಒಂದು ಹಾಡು ಓಡಿಸಿ ನೋಡಿದರು. ಅಷ್ಟು ತಾಳ್ಮೆ ಇದ್ದ ಡಾಕ್ಟರು. "ಹಾಡು ಮಾತ್ರ ಇದೆಯಲ್ಲಪ್ಪ."

"ಇದೆ ಡಾಕ್ಟ್ರೇ. ಇವನ್ನ ಕೇಳಿ." ಅಣ್ಣ ತಮ್ಮನ ಕಡೆ ಕೈ ತೋರಿಸಿದ. "ಇವನೂ ಕೇಳಿದಾನೆ. ಎಲ್ಲದಕ್ಕೂ ಹುಡುಗಾಟ ಆಡ್ತಾನೆ, ಇದಕ್ಕೆ ಮಾತ್ರ ನನಗೆ ಸುಳ್ಳು ಹೇಳಲ್ಲ. ಹೇಳೋ. ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು."

ಡಾಕ್ಟರಮ್ಮ ನೋಡಿದರು. ಅಮ್ಮ ನೋಡಿದಳು. ಪಟ್ಟಿ ಕಟ್ಟುತ್ತಿದ್ದ ನರ್ಸು ಕೂಡ ಕತ್ತರಿ ಹಿಡಿದು ನೋಡಿದಳು.

"ಇಲ್ಲ ಡಾಕ್ಟ್ರೇ," ಅಂದ ಸೌಂಡು. "ಏನೂ ಇರ್ಲಿಲ್ಲ."

ಅಣ್ಣ ಜಗಳ ಮಾಡಲಿಲ್ಲ. ಕೂಗಲೂ ಇಲ್ಲ. ತಲೆ ದಿಂಬಿಗೆ ಒರಗಿಸಿ, "ಹಂಗಾದ್ರೆ ಇಲ್ಲ," ಅಂದ. ಅವನು ಕಟ್ಟಳೆ ಮುರಿಯುವವನಲ್ಲ.

ಹೊರಗೆ ಬಂದು ಡಾಕ್ಟರಮ್ಮ ಅಮ್ಮನಿಗೆ ವಿವರಿಸಿದರು. ಆಜ್ಞೆ ಮಾಡುವ ಧ್ವನಿ ಬಂದಿದೆ, ಅದನ್ನು ಪಾಲಿಸಿದ್ದಾನೆ, ಇದು ಅಪಾಯದ ಲಕ್ಷಣ. ಈ ಮಾತ್ರೆಯ ಹಿಡಿತ ತಪ್ಪಿದೆ. ಬೇರೆ ಶುರು ಮಾಡಬೇಕು, ಕೆಲವು ವಾರ ಇಲ್ಲೇ ಇರಬೇಕು. "ವಿಚಿತ್ರ ನೋಡಿ," ಅಂದರು ಕೊನೆಗೆ, "ರಕ್ತದಲ್ಲಿ ಸಕ್ಕರೆ ಚೆನ್ನಾಗಿ ಇಳಿದಿದೆ."

ಸೌಂಡು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ. ಬೀದಿಯವರಿಗೆ ಅದೇ ವಿಚಿತ್ರವಾಯಿತು. ನಾಲ್ಕನೆಯ ದಿನ ಲಾಂಡ್ರಿಗೆ ಹೋಗಿ, ಬಿಸಿ ಉಗಿಯ ನಡುವೆ ನಿಂತು ಅಮ್ಮನಿಗೆ ಎಲ್ಲವನ್ನೂ ಹೇಳಿದ.

ಅಮ್ಮ ಇಸ್ತ್ರಿ ನಿಲ್ಲಿಸಲಿಲ್ಲ. ಹಾಸಿಗೆ ಬಟ್ಟೆಯ ಒಂದು ಅಂಚು ಮುಗಿಸಿ ಮಡಚಿದಳು, ಇನ್ನೊಂದು ಅಂಚು ಮುಗಿಸಿ ಮಡಚಿದಳು.

"ಯಾರಿಗೆಲ್ಲ ಹೇಳಿದೀಯ?"

"ನಿನಗೆ ಮಾತ್ರ."

"ಇಲ್ಲಿಗೇ ನಿಲ್ಸು."

"ಅಮ್ಮ, ಮಾತ್ರೆ ಕೆಲಸ ಮಾಡ್ತಿತ್ತು. ಅವನಿಗೇನೂ ಆಗಿರ್ಲಿಲ್ಲ. ಡಾಕ್ಟ್ರಿಗೆ ಹೇಳಿದ್ರೆ ಹಳೇದೇ ಕೊಡ್ತಾರೆ."

"ಹೇಳಿ? ಒಬ್ಬ ಮಗನ್ನ ಅಲ್ಲಿ ಹಾಕಿ ಬಂದಿದೀನಿ. ಇನ್ನೊಬ್ಬ ಮಗನೇ ಹಾಕ್ಸಿದ ಅಂತ ಯಾವ ಬಾಯಲ್ಲಿ ಹೇಳ್ಲೋ?" ಉಗಿಯಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. "ಅಲ್ಲಿ ದಿನಾ ವ್ಯಾಯಾಮ ಮಾಡಿಸ್ತಾರಂತೆ. ಮಾಡ್ಲಿ. ನೀನು ಮನೆಗೆ ಹೋಗು. ನಿನ್ನ ಧ್ವನಿ ಕೇಳೋಕೆ ಆಗ್ತಿಲ್ಲ ನನಗೆ."

ಅವನು ಮನೆಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋದ.

ವಾರ್ಡಿನ ಹಿಂದಿನ ಅಂಗಳದಲ್ಲಿ ವ್ಯಾಯಾಮದ ಹೊತ್ತು. ಕತ್ತಿಗೆ ಸೀಟಿ ಹಾಕಿಕೊಂಡ ಪಿ.ಟಿ. ಮೇಡಂ ಒಂದು ಸಾಲು ಜನರನ್ನು ನಿಲ್ಲಿಸಿ, "ಕೈ ಮೇಲೆ! ಕೈ ಕೆಳಗೆ!" ಅನ್ನುತ್ತಿದ್ದರು. ಕೆಲವರ ಕೈ ಮೇಲೆ ಹೋಗುತ್ತಿತ್ತು. ಕೆಲವರದು ಹೋದದ್ದು ಅಲ್ಲೇ ಮರೆತುಹೋಗುತ್ತಿತ್ತು. ಅಣ್ಣ ಸಾಲಿನಲ್ಲಿರಲಿಲ್ಲ. ಗೋಡೆ ಬದಿಯ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದ. ಹೊಸ ಮಾತ್ರೆಗೆ ಬೆರಳುಗಳು ಕಾಣದ ಮಣಿಗಳನ್ನು ಎಣಿಸುತ್ತಿದ್ದವು, ನಾಲಿಗೆ ದಪ್ಪವಾಗಿತ್ತು.

ಸೌಂಡು ಪಕ್ಕದಲ್ಲಿ ಕೂತ. "ಅಣ್ಣ, ಆ ಹಾಡಿನೊಳಗಿದ್ದೋನು ನಾನೇ ಕಣೋ. ಅಂಗಡೀಲಿ ರೆಕಾರ್ಡ್ ಮಾಡಿ ಹಾಕಿದ್ದೆ. ತಮಾಷೆಗೆ."

ಅಣ್ಣ ಅವನ ಕಡೆ ತಿರುಗಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. "ಅಮ್ಮ ಹೇಳಿ ಕಳಿಸಿದ್ಲಾ? ನನ್ನ ಸಮಾಧಾನಕ್ಕೆ?"

"ಇಲ್ಲ ಅಣ್ಣ, ನಿಜ. ನಿನ್ನಾಣೆ."

"ಆವತ್ತು ಕೇಳಿದೆ, ಇಲ್ಲ ಅಂದೆ. ಡಾಕ್ಟ್ರ ಮುಂದೆ ಕೇಳಿದೆ, ಇಲ್ಲ ಅಂದೆ. ಈಗ ಹೌದು ಅಂತೀಯ. ನಾನು ಯಾವುದನ್ನ ಇಟ್ಕೊಳ್ಲಿ?"

"ಇವತ್ತಿಂದು. ಇವತ್ತಿಂದೇ ನಿಜ."

ಅಣ್ಣ ಯೋಚಿಸಿದ. ಮಾತು ನಿಧಾನಕ್ಕೆ, ಒಂದೊಂದೇ ಹೊರಗೆ ಬಂತು. "ಹಂಗಾದ್ರೆ ಕಿಟಕಿ ಹಿಂದೆ ಬೈತಿದ್ದೋರು? ಅವರನ್ನೂ ನೀನು ಇಲ್ಲ ಅಂದಿದ್ದೆ. ಬಾತ್‌ರೂಮ್ ಪೈಪಲ್ಲಿ ಅಳ್ತಿದ್ದೋಳು? ಇಷ್ಟು ವರ್ಷ ನೀನು ಇಲ್ಲ ಅಂದೋರೆಲ್ಲ ಇದ್ರಾ?"

"ಇಲ್ಲ! ಅವರು ಇಲ್ಲ. ಇವನೊಬ್ಬ ಮಾತ್ರ."

"ನನಗೆ ಹೆಂಗೋ ಗೊತ್ತಾಗುತ್ತೆ?" ಅಂದ ಅಣ್ಣ. ಅದು ತಕರಾರಲ್ಲ. ದಾರಿ ಕೇಳುವವನ ಹಾಗೆ ಕೇಳಿದ.

ಸೌಂಡು ಅತ್ತ ಇತ್ತ ನೋಡಿದ. ಪಿ.ಟಿ. ಮೇಡಂ ದೂರದಲ್ಲಿ ಯಾರದೋ ಭುಜ ನೇರ ಮಾಡುತ್ತಿದ್ದರು. ಸಾಬೀತು ಮಾಡಲು ಅವನ ಹತ್ತಿರ ಉಳಿದದ್ದು ಗಂಟಲೊಂದೇ. ಅಣ್ಣನ ಕಿವಿಯ ಹತ್ತಿರ ಬಗ್ಗಿ, ಧ್ವನಿಯನ್ನು ಹೊಟ್ಟೆಗಿಳಿಸಿ, ಮೆಲ್ಲಗೆ ಹೇಳಿದ: "ಏಯ್... ಎದ್ದೇಳು. ನಡಿ."

ನೋಡು, ನಾನೇ ಅಲ್ವಾ, ಅನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅಣ್ಣ ಎದ್ದಿದ್ದ.

ಅವನ ಬೆರಳುಗಳು ನಿಂತವು. ಮುಖದಲ್ಲಿದ್ದ ಕನಿಕರ, ಅನುಮಾನ, ಸುಸ್ತು ಎಲ್ಲವೂ ಬಟ್ಟೆಯಿಂದ ಒರೆಸಿದ ಹಾಗೆ ಹೋಯಿತು. ಪಟ್ಟಿ ಕಟ್ಟಿದ ಪಾದ ಎತ್ತಿಟ್ಟ, ಇನ್ನೊಂದು ಎತ್ತಿಟ್ಟ. ಗೋಡೆಯ ಬದಿ ಹಿಡಿದು ನಡೆದ.

"ಅಣ್ಣ! ಅಣ್ಣ, ನಿಲ್ಲು. ನಾನೇ ಕಣೋ, ತಮಾಷೆ ಮಾಡಿದೆ. ನಿಲ್ಲೋ!"

ಅಣ್ಣ ತಿರುಗಲಿಲ್ಲ. ಇದು ತಮ್ಮನ ಧ್ವನಿ. ಇಲ್ಲ ಅನ್ನುವ ಧ್ವನಿ. ಇದರ ಮಾತಿಗೆ ಈಗ ಬೆಲೆ ಉಳಿದಿರಲಿಲ್ಲ. ಅವನು ನಿಲ್ಲಬೇಕಾದರೆ ಆ ಇನ್ನೊಬ್ಬ ಹೇಳಬೇಕು, ಅಂಗಳದ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ.

ಸೌಂಡು ಗಂಟಲು ಇಳಿಸಿದ. ಎದೆ ತುಂಬಾ ಉಸಿರು ತೆಗೆದುಕೊಂಡ.

"ಅಯ್ಯೋ, ಎದ್ದುಬಿಟ್ರಲ್ಲ!" ಪಿ.ಟಿ. ಮೇಡಂ ಓಡಿಬಂದು ಅವನ ಪಕ್ಕದಲ್ಲೇ ನಿಂತರು. ಮುಖವೆಲ್ಲ ಖುಷಿ. "ಬಂದಾಗಿಂದ ಬೆಂಚು ಬಿಟ್ಟು ಎದ್ದಿರ್ಲಿಲ್ಲ ಗೊತ್ತಾ? ನಾನು ಸೀಟಿ ಊದಿ ಊದಿ ಸಾಕಾಗಿತ್ತು. ನೀವು ಏನು ಹೇಳಿದ್ರಿ?"

ಸಾಲಿನಲ್ಲಿದ್ದವರೂ ಕೈ ಇಳಿಸಿ ಇತ್ತ ನೋಡುತ್ತಿದ್ದರು. ಇಷ್ಟು ಜನರ ಮುಂದೆ ಆ ಧ್ವನಿ ತೆಗೆದರೆ, ಅದು ಎಲ್ಲರಿಗೂ ಕೇಳುತ್ತದೆ. ಮೇಡಂಗೆ ಕೇಳುತ್ತದೆ, ಮೇಡಂ ಮೂಲಕ ಡಾಕ್ಟರಮ್ಮನಿಗೆ.

ಎದೆಯಲ್ಲಿ ತುಂಬಿಕೊಂಡಿದ್ದ ಉಸಿರು ಸುಮ್ಮನೆ ಹೊರಗೆ ಹೋಯಿತು.

"ಏನಿಲ್ಲ ಮೇಡಂ," ಅಂದ. "ಹಿಂಗೇ ಮಾತಾಡಿಸ್ದೆ."

"ನೋಡಿ, ಮನೆಯವರ ಮಾತಿಗೆ ಎಷ್ಟು ಶಕ್ತಿ ಇರುತ್ತೆ ಅಂತ!" ಮೇಡಂ ಸಾಲಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಸಾಲು ಕೂಡ ಚಪ್ಪಾಳೆ ತಟ್ಟಿತು. ಗೋಡೆಯ ಪಕ್ಕ ಅಣ್ಣ ಎರಡನೆಯ ಸುತ್ತು ಶುರು ಮಾಡಿದ್ದ. ಹಿಮ್ಮಡಿಯ ಬಿಳಿ ಪಟ್ಟಿಯ ಮೇಲೆ ಕೆಂಪು ಚುಕ್ಕೆಯೊಂದು ಮೂಡಿ ದೊಡ್ಡದಾಗುತ್ತಿತ್ತು. "ನೀವು ದಿನಾ ಬನ್ನಿ. ಬರೋಕಾಗುತ್ತಲ್ವಾ?"

"ಬರ್ತೀನಿ ಮೇಡಂ," ಅಂದ ಸೌಂಡು. ಪಕ್ಕದಲ್ಲೇ ಇದ್ದ ಅವರಿಗೆ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.